ಬಿಸುಟ ಬೀಜದ ಎಣ್ಣೆ

ಕನ್ನಡದ ತಿರುಳು ಎಲ್ಲಿದೆಯೆಂದು ಕೇಳುವವರಿಗೆ ಕವಿರಾಜಮಾರ್ಗವು ನಾಲ್ಕು ಊರುಗಳ ಹೆಸರನ್ನು ಹೇಳಿ, ಅವುಗಳ ನಡುವಣ ನಾಡನ್ನು ತೋರಿಸಿತು. ಆ ನಾಲ್ಕರಲ್ಲಿ ಕೊಪಣವೂ ಒಂದು. ಕೊಪಣವೆಂದರೆ ಇಂದಿನ ಕೊಪ್ಪಳ. ಒಂಬತ್ತನೆಯ ಶತಮಾನದಲ್ಲಿ ದೊರೆತ ಈ ಮನ್ನಣೆಯನ್ನು ಆ ಸೀಮೆಯ ಜನ ಇಂದಿಗೂ ಸಭೆ ಸಮಾರಂಭಗಳಲ್ಲಿ ಹೆಮ್ಮೆಯಿಂದ ನೆನೆಯುತ್ತಾರೆ, ನೆನೆಯಬೇಕಾದದ್ದೇ ಸರಿ. ಆದರೆ ಬೇಸಗೆಯ ದಿನಗಳಲ್ಲಿ ಅದೇ ಊರಿನ ಪೇಟೆಯಲ್ಲಿ, ಕೇಸರ್ ಮಾವಿನ ರಾಶಿಗಳ ನಡುವೆ ನಡೆದು ಹೋಗುವವನ ಕಾಲಿಗೆ ತಾಗುವುದು ಮತ್ತೊಂದು ಬಗೆಯ ತಿರುಳು. ಚೀಪಿ ಎಸೆದ ಗೊರಟೆಯ ಗಟ್ಟಿ ಕವಚದೊಳಗೆ ಬಿಳಿಯ ಬೀಜವೊಂದು ಅಡಗಿ ಕುಳಿತಿರುತ್ತದೆ. ಹಣ್ಣಿನ ರುಚಿಯನ್ನು ಹೊಗಳಿದ ನಾಲಗೆ ಅದರ ಗೊಡವೆಗೆ ಹೋಗುವುದಿಲ್ಲ. ಜಾಡಮಾಲಿಯ ಪೊರಕೆಗೆ ಸಿಕ್ಕಿ ಅದು ತಿಪ್ಪೆಯನ್ನು ಸೇರುತ್ತದೆ.

ಆ ಬೀಜವನ್ನು ಒಣಗಿಸಿ, ಕುಟ್ಟಿ, ಹಿಂಡಿದರೆ ನೂರಕ್ಕೆ ಏಳರಿಂದ ಹನ್ನೆರಡು ಪಾಲಿನಷ್ಟು ಕೊಬ್ಬು ದೊರೆಯುತ್ತದೆ. ಅದು ತಣ್ಣನೆಯ ಹೊತ್ತಿನಲ್ಲಿ ತುಪ್ಪದಂತೆ ಹೆಪ್ಪುಗಟ್ಟುತ್ತದೆ. ಮೈಯ ಬಿಸಿಗೆ ಕರಗತೊಡಗುತ್ತದೆ. ಚಾಕೊಲೇಟಿಗೆ ಬಳಸುವ ಕೋಕೋ ಬೆಣ್ಣೆಗೂ ಇದಕ್ಕೂ ಗುಣದಲ್ಲಿ ಹತ್ತಿರದ ನಂಟು. ತಿಪ್ಪೆಗೂ ಚಾಕೊಲೇಟಿಗೂ ನಡುವೆ ಇರುವುದು ಇಷ್ಟೇ ಅಂತರ. ಆದರೆ ಆ ಅಂತರವನ್ನು ದಾಟುವುದು ಮಾತಿನಷ್ಟು ಸುಲಭವಲ್ಲ. ‘ಕಸದಿಂದ ರಸ’ ಎಂಬ ಮಾತನ್ನು ಭಾಷಣಕಾರರು ಬಹು ಸಲೀಸಾಗಿ ಆಡುತ್ತಾರೆ. ಕಸವನ್ನು ಹೊತ್ತವರು, ಒಣಗಿಸಿದವರು, ಹಿಂಡಿದವರು ಮಾತ್ರ ಆ ಎರಡು ಪದಗಳ ನಡುವಿನ ದಾರಿಯ ಉದ್ದವನ್ನು ಬಲ್ಲರು.

ಬೀಜದಲ್ಲಿ ಎಣ್ಣೆ ಏಕಿದೆ ಎಂಬುದನ್ನು ಮೊದಲು ವಿಚಾರಿಸಬೇಕು. ಮರವು ತನ್ನ ಮಗುವಿನ ಜೊತೆಗೆ ತಾನು ಹೋಗಲಾರದು. ಹಕ್ಕಿಯ ಹೊಟ್ಟೆಯಲ್ಲೋ, ಹಳ್ಳದ ನೀರಿನಲ್ಲೋ, ಮನುಷ್ಯನ ಕೈಯಲ್ಲೋ ಅದು ದೂರ ಹೋಗಿ ಬೀಳುತ್ತದೆ. ಬಿದ್ದಲ್ಲಿ ಬೇರು ಬಿಟ್ಟು, ಎಲೆ ಹಸುರಾಗುವವರೆಗೆ ಅದಕ್ಕೆ ಉಣ್ಣಲು ಏನಾದರೂ ಬೇಕಲ್ಲವೇ? ಊರಿಗೆ ಹೊರಟ ಮಗನ ಹೆಗಲಿಗೆ ತಾಯಿ ರೊಟ್ಟಿಯ ಬುತ್ತಿಯನ್ನು ಏರಿಸುವಂತೆ ಮರವೂ ಬೀಜದೊಳಗೆ ಬುತ್ತಿಯನ್ನು ಕಟ್ಟುತ್ತದೆ. ಒಂದು ಗ್ರಾಂ ಹಿಟ್ಟಿನಲ್ಲಿ ಸುಮಾರು ೪ ಕ್ಯಾಲೊರಿ ಶಕ್ತಿಯಿದ್ದರೆ ಒಂದು ಗ್ರಾಂ ಎಣ್ಣೆಯಲ್ಲಿ ಸುಮಾರು ೯ ಕ್ಯಾಲೊರಿ ಇರುತ್ತದೆ. ಗಂಟು ಚಿಕ್ಕದಾಗಿರಬೇಕು, ಹಸಿವು ಹಿಂಗಬೇಕು ಎನ್ನುವ ಜಾಣ ತಾಯಿ ಎಣ್ಣೆಯನ್ನೇ ಆರಿಸಿಕೊಳ್ಳುತ್ತಾಳೆ. ಎಳ್ಳು, ಕುಸುಬಿ, ಗುರೆಳ್ಳು, ಶೇಂಗಾ ಎಲ್ಲದರ ಗುಟ್ಟೂ ಇದೇ.

ಸಿಪ್ಪೆಯ ಎಣ್ಣೆಯ ಕಥೆ ಬೇರೆ. ಕಿತ್ತಳೆಯ ಸಿಪ್ಪೆಯನ್ನು ದೀಪದ ಬಳಿ ಹಿಂಡಿ, ಚಿಟಿಚಿಟಿ ಕಿಡಿ ಹಾರುವುದನ್ನು ನೋಡಿ ನಲಿಯದ ಮಕ್ಕಳು ವಿರಳ. ಸಿಪ್ಪೆಯ ಕಿರುಚೀಲಗಳಲ್ಲಿರುವ ಆ ಎಣ್ಣೆ ಬುತ್ತಿಯಲ್ಲ, ಕಾವಲು. ಹುಳುವನ್ನೂ ಬೂಷ್ಟನ್ನೂ ದೂರವಿಡಲು ಹಣ್ಣು ಅದನ್ನು ತೊಗಲಿನಲ್ಲಿ ತುಂಬಿಕೊಂಡಿರುತ್ತದೆ. ಕಿತ್ತಳೆಯ ಎಣ್ಣೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಗಿಲಾದ ಪಾಲು ಲಿಮೊನೀನ್ ಎಂಬ ಒಂದೇ ವಸ್ತು. ಈ ಎರಡು ಜಾತಿಗಳನ್ನು ಗುರುತಿಸಲು ಪ್ರಯೋಗಶಾಲೆ ಬೇಕಿಲ್ಲ, ಒಂದು ಚೂರು ಕಾಗದ ಸಾಕು. ಬೀಜದ ಎಣ್ಣೆಯ ಹನಿ ಕಾಗದದ ಮೇಲೆ ಮಾಯದ ಕಲೆಯನ್ನು ಬಿಡುತ್ತದೆ. ಸಿಪ್ಪೆಯ ಎಣ್ಣೆಯ ಹನಿ ಪರಿಮಳ ಬೀರಿ ಗಾಳಿಯಲ್ಲಿ ಸೇರಿಹೋಗುತ್ತದೆ. ಒಂದನ್ನು ಗಾಣದಲ್ಲಿ ಹಿಂಡಬೇಕು. ಇನ್ನೊಂದನ್ನು ಸಿಪ್ಪೆಯಿಂದಲೇ ಒತ್ತಿ ತೆಗೆಯಬೇಕು, ಇಲ್ಲವೇ ಹಬೆಯಲ್ಲಿ ಏರಿಸಿ ತಣಿಸಿ ಹಿಡಿಯಬೇಕು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲ್ಲೂಕುಗಳು ಕೂಡಿ ೧೯೯೭ರಲ್ಲಿ ರಾಯಚೂರಿನಿಂದ ಬೇರೆಯಾಗಿ ಒಂದು ಜಿಲ್ಲೆಯಾದವು. ಜಿಲ್ಲೆ ಒಂದಾದರೂ ಸೀಮೆ ಎರಡು. ೧೯೫೩ರಲ್ಲಿ ಮುಗಿದ ತುಂಗಭದ್ರೆಯ ಅಣೆಕಟ್ಟಿನ ಎಡದಂಡೆಯ ಕಾಲುವೆ ಗಂಗಾವತಿಯ ಹೊಲಗಳನ್ನು ಗದ್ದೆಗಳನ್ನಾಗಿ ಮಾಡಿತು. ಕುಷ್ಟಗಿ ಯಲಬುರ್ಗಾಗಳ ಪಾಲಿಗೆ ಮುಗಿಲೇ ಗತಿಯಾಗಿ ಉಳಿಯಿತು. ವರ್ಷಕ್ಕೆ ಸುಮಾರು ೬೦೦ ಮಿಲಿಮೀಟರು ಮಳೆ, ಅದೂ ಬಂದರೆ ಬಂತು. ಒಂದೆಡೆ ಭತ್ತ, ಇನ್ನೊಂದೆಡೆ ಸಜ್ಜೆ, ಜೋಳ, ಶೇಂಗಾ. ಹಣ್ಣಿನ ಕಸದಿಂದ ಎಣ್ಣೆ ತೆಗೆಯುವ ವಿಚಾರದಲ್ಲಿಯೂ ಈ ಎರಡು ಸೀಮೆಗಳು ಎರಡು ಪಾಠಗಳನ್ನು ಹೇಳುತ್ತವೆ.

ಗಂಗಾವತಿಯ ಪಾಠ ಮೊದಲನೆಯದು. ಅಲ್ಲಿ ಹಣ್ಣೆಲ್ಲಿ ಬಂತು ಎಂದು ವಾಚಕರು ಕೇಳಬಹುದು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಭತ್ತದ ಕಾಳೂ ಒಂದು ಹಣ್ಣೇ! ಬೀಜದ ಸಿಪ್ಪೆಯೂ ಹಣ್ಣಿನ ಸಿಪ್ಪೆಯೂ ಬೇರ್ಪಡಿಸಲಾಗದಂತೆ ಅಂಟಿಕೊಂಡ ಒಣಹಣ್ಣು ಅದು. ಹೊಟ್ಟು ಕಳೆದ ಮೇಲೆ ಅಕ್ಕಿಯನ್ನು ಬೆಳ್ಳಗೆ ಮಾಡಲು ಉಜ್ಜಿ ತೆಗೆಯುವ ಕಂದು ಪುಡಿಯೇ ತವುಡು. ಅದರಲ್ಲಿ ಹಣ್ಣಿನ ಸಿಪ್ಪೆ ಇದೆ, ಬೀಜದ ಸಿಪ್ಪೆ ಇದೆ, ಮೊಳಕೆಯ ಕಣ್ಣೂ ಇದೆ. ಹಾಗೆ ನೋಡಿದರೆ ಸೋನಾ ಮಸೂರಿಯ ಅಕ್ಕಿಗಿರಣಿಗಳ ಆ ಪಟ್ಟಣವು ಬಹು ಕಾಲದಿಂದ ಹಣ್ಣನ್ನು ಸುಲಿಯುತ್ತಲೇ ಬಂದಿದೆ. ಅದರ ತವುಡೇ ಹಣ್ಣಿನ ಕಸ.

ನೂರು ಕಿಲೋ ಭತ್ತವನ್ನು ಗಿರಣಿಗೆ ಹಾಕಿದರೆ ಇಪ್ಪತ್ತು ಕಿಲೋದಷ್ಟು ಹೊಟ್ಟು, ಏಳೆಂಟು ಕಿಲೋ ತವುಡು ಬರುತ್ತದೆ. ತವುಡಿನಲ್ಲಿ ನೂರಕ್ಕೆ ೧೫ರಿಂದ ೨೦ರಷ್ಟು ಎಣ್ಣೆ. ಎಂದರೆ ಒಂದು ಕ್ವಿಂಟಲ್ ಭತ್ತಕ್ಕೆ ಒಂದು ಕಿಲೋಗಿಂತ ತುಸು ಹೆಚ್ಚು. ಇಷ್ಟು ಎಣ್ಣೆ ಇದ್ದರೂ ಬಹು ಕಾಲ ತವುಡು ದನದ ಮೇವಾಗಿಯೇ ಉಳಿದದ್ದು ಏಕೆ? ಹಳೆಯ ಹಲ್ಲರ್ ಗಿರಣಿಗಳಲ್ಲಿ ಹೊಟ್ಟೂ ತವುಡೂ ಬೆರೆತು ಬರುತ್ತಿದ್ದವು. ಹೊಟ್ಟಿನಲ್ಲಿ ಎಣ್ಣೆಯಿಲ್ಲ, ಆದ್ದರಿಂದ ಆ ಬೆರಕೆ ಪುಡಿಯನ್ನು ಹಿಂಡುವುದು ಲಾಭದ ಕೆಲಸವಾಗಿರಲಿಲ್ಲ. ಹೊಟ್ಟನ್ನು ಬೇರೆಯಾಗಿ ಸುಲಿಯುವ ರಬ್ಬರ್ ಉರುಳೆಗಳ ಯಂತ್ರ ಬಂದ ಮೇಲೆ ಶುದ್ಧ ತವುಡು ದೊರೆಯಿತು.

ಇದಕ್ಕಿಂತಲೂ ಮೊಂಡು ಶತ್ರು ಒಂದಿತ್ತು. ಅದು ಕಾಲ. ಕಾಳು ಇಡಿಯಾಗಿರುವ ತನಕ ಅದರ ಎಣ್ಣೆ ಒಂದು ಕೋಣೆಯಲ್ಲಿಯೂ, ಎಣ್ಣೆಯನ್ನು ಒಡೆಯುವ ಲೈಪೇಸ್ ಎಂಬ ಕಿಣ್ವ ಇನ್ನೊಂದು ಕೋಣೆಯಲ್ಲಿಯೂ ವಾಸವಾಗಿರುತ್ತವೆ. ಗಿರಣಿಯ ಉಜ್ಜಿಗೆ ಗೋಡೆ ಮುರಿದೊಡನೆ ಎರಡೂ ಮುಖಾಮುಖಿಯಾಗುತ್ತವೆ. ಕೆಲವೇ ಗಂಟೆಗಳಲ್ಲಿ ಎಣ್ಣೆ ಹುಳಿಯಾಗತೊಡಗುತ್ತದೆ. ಕೆಲವು ದಿನ ಕಳೆದರೆ ಅದು ಅಡುಗೆಗೆ ಬಾರದು, ಸಾಬೂನಿಗೇ ಸರಿ. ತವುಡನ್ನು ಕೂಡಲೇ ಕಾಯಿಸಿ ಕಿಣ್ವವನ್ನು ಕೊಲ್ಲಬೇಕು, ಇಲ್ಲವೇ ಒಂದೆರಡು ದಿನಗಳೊಳಗೆ ಎಣ್ಣೆಯ ಕಾರ್ಖಾನೆಗೆ ಮುಟ್ಟಿಸಬೇಕು. ಕುಚ್ಚಲಕ್ಕಿಯ ತವುಡಿಗೆ ಈ ಅವಸರ ಕಡಿಮೆ. ಭತ್ತವನ್ನು ಬೇಯಿಸುವಾಗಲೇ ಕಿಣ್ವ ಸತ್ತಿರುತ್ತದೆ. ಕಾರ್ಖಾನೆಯಲ್ಲಿ ತವುಡನ್ನು ಹೆಕ್ಸೇನ್ ಎಂಬ ದ್ರಾವಕದಲ್ಲಿ ತೊಳೆಯುತ್ತಾರೆ. ಸುಮಾರು ೬೯ ಡಿಗ್ರಿಯಲ್ಲಿ ಕುದಿಯುವ ಆ ದ್ರಾವಕ ಎಣ್ಣೆಯನ್ನು ಬಿಟ್ಟು ಆವಿಯಾಗಿ ಮತ್ತೆ ಕೈಗೆ ಬರುತ್ತದೆ. ಎಣ್ಣೆ ಕಳೆದ ತವುಡು ಮತ್ತೆ ದನದ ಬಾಯಿಗೇ ಹೋಗುತ್ತದೆ. ದನಕ್ಕೂ ನಷ್ಟವಿಲ್ಲ, ಮನುಷ್ಯನಿಗೂ ಎಣ್ಣೆ ದಕ್ಕಿತು. ಕಸಕ್ಕೆ ಬೆಲೆ ತಂದದ್ದು ಯಂತ್ರ ಒಂದೇ ಅಲ್ಲ, ಹೊತ್ತನ್ನು ಗೆದ್ದ ಏರ್ಪಾಡು ಎಂಬುದೇ ಗಂಗಾವತಿಯ ಪಾಠ.

ಇನ್ನು ಕುಷ್ಟಗಿ ಯಲಬುರ್ಗಾಗಳ ಕಡೆಗೆ ತಿರುಗಬೇಕು. ಕೊಳವೆಬಾವಿಯ ಎಳೆನೀರಿನಂಥ ಸಣ್ಣ ಧಾರೆಯನ್ನು ಹನಿಹನಿಯಾಗಿ ಹಂಚಿ, ಆ ಕೆಂಪು ನೆಲದಲ್ಲಿ ದಾಳಿಂಬೆಯನ್ನು ಬೆಳೆದ ಸಾಹಸಿಗಳು ಅಲ್ಲಿದ್ದಾರೆ. ‘ಭಗ್ವಾ’ ಎಂಬ ಕೇಸರಿಗೆಂಪಿನ ತಳಿ ಅವರ ಆಸೆಯನ್ನೂ ಸಾಲವನ್ನೂ ಒಟ್ಟಿಗೆ ಬೆಳೆಸಿತು. ಈ ಶತಮಾನದ ಮೊದಲ ದಶಕದಲ್ಲಿ ದುಂಡಾಣುವಿನ ಅಂಗಮಾರಿ ರೋಗವು ಉತ್ತರದ ಜಿಲ್ಲೆಗಳ ತೋಟಗಳನ್ನು ಹೊಕ್ಕು, ಎಷ್ಟೋ ಜನ ಗಿಡಗಳನ್ನು ಬುಡಸಹಿತ ಕಿತ್ತುಹಾಕುವಂತೆ ಮಾಡಿತು. ಹಣ್ಣಿನ ಮೇಲೆ ಎಣ್ಣೆ ಸೋಕಿದಂತೆ ಕಾಣುವ ಅದರ ಕಲೆಯನ್ನು ನೋಡಿ ಮಹಾರಾಷ್ಟ್ರದ ರೈತರು ಆ ರೋಗಕ್ಕೆ ‘ತೇಲ್ಯಾ’ ಎಂದು ಹೆಸರಿಟ್ಟರು. ತೇಲ್ ಎಂದರೆ ಎಣ್ಣೆ. ಎಂತಹ ವಿಡಂಬನೆ! ಹಣ್ಣನ್ನು ಹಾಳುಗೆಡಹುವ ರೋಗಕ್ಕೆ ಎಣ್ಣೆಯ ಹೆಸರು ಸಿಕ್ಕಿತು. ಹಣ್ಣಿನೊಳಗಿನ ನಿಜವಾದ ಎಣ್ಣೆಯ ಹೆಸರು ಯಾರಿಗೂ ತಿಳಿಯಲಿಲ್ಲ.

ರೋಗ ಬಿಟ್ಟರೂ ಮಳೆ ಬಿಡದು. ತಿಂಗಳುಗಟ್ಟಲೆ ಒಣಗಿದ ಮಣ್ಣಿಗೆ ಒಮ್ಮೆಲೇ ನೀರು ಬಿದ್ದಾಗ ಹಣ್ಣಿನ ಒಳಗು ಉಬ್ಬುತ್ತದೆ, ತೊಗಲು ಹಿಗ್ಗಲಾರದೆ ಬಿರಿಯುತ್ತದೆ. ಬಿರಿದ ಹಣ್ಣು ಪೆಟ್ಟಿಗೆಗೆ ಏರುವುದಿಲ್ಲ. ವ್ಯಾಪಾರಿ ಅದನ್ನು ಕಾಲಿನಿಂದ ಬದಿಗೆ ಸರಿಸುತ್ತಾನೆ.

ಅಂತಹ ಒಂದು ತೋಟದ ಒಡೆಯನನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಕುಷ್ಟಗಿಯ ಆಚೆಯ ಹಳ್ಳಿ. ಮೂರು ಎಕರೆ ದಾಳಿಂಬೆ. ಎರಡು ಕೊಳವೆಬಾವಿಗಳಲ್ಲಿ ಒಂದು ಬತ್ತಿದೆ. ಮನೆತನ ಗಾಣಿಗರದು. ಎತ್ತು ಕಟ್ಟಿ ಕುಸುಬಿ ಹಿಂಡುತ್ತಿದ್ದ ಕಲ್ಲಿನ ಒರಳು ಇಂದಿಗೂ ಹಿತ್ತಿಲಲ್ಲಿ ಮಳೆನೀರು ತುಂಬಿಕೊಂಡು ನಿಂತಿದೆ. ಬಿರಿದ ಹಣ್ಣುಗಳನ್ನು ಬುಟ್ಟಿಗಟ್ಟಲೆ ಹಳ್ಳಕ್ಕೆ ಸುರಿಯಲು ಹೊರಟ ಮಗನನ್ನು ಮುದುಕಿ ತಾಯಿ ತಡೆದಳು.

“ಒಡದ ಹಣ್ಣು ಯಾರೂ ಕೇಳಂಗಿಲ್ಲ ಬೇ ಯವ್ವಾ. ಮನ್ಯಾಗ ಇಟಗೊಂಡು ಏನ್ ಮಾಡೂದು? ಕಸ ಅದು.”

“ಕಸ ಅನ್ನಾಕ ನಿನಗ ಎಷ್ಟ್ ಹಗುರ ಆತೋ ತಮ್ಮಾ! ನಿಮ್ಮಜ್ಜ ಎಣ್ಣಿ ತಗದ ಮ್ಯಾಲೆ ಉಳದ ಹಿಂಡಿನೂ ಎತ್ತಿನ ಬಾಯಿಗೆ ಇಡತಿದ್ದ. ಗಾಣದ ಮನ್ಯಾಗ ಕಸ ಅಂಬೋದು ಇರಲಿಲ್ಲ.”

ಮಗ ನಕ್ಕು ಸುಮ್ಮನಾದನು. ಆದರೆ ಮುಂದೊಂದು ದಿನ ಕೃಷಿಮೇಳದಿಂದ ಬಂದವನು ಒಂದು ಬಣ್ಣದ ಚೀಟಿಯನ್ನು ತಂದನು. ದಾಳಿಂಬೆಯ ಬೀಜದಲ್ಲಿ ಎಣ್ಣೆಯಿದೆ, ಅದಕ್ಕೆ ಬಂಗಾರದ ಬೆಲೆಯಿದೆ, ಈ ಯಂತ್ರವನ್ನು ಕೊಂಡರೆ ಮನೆಯಲ್ಲೇ ಹಿಂಡಬಹುದು ಎಂದು ಅದರಲ್ಲಿ ಅಚ್ಚಾಗಿತ್ತು. ಅವನ ಕಣ್ಣು ಹೊಳೆಯುತ್ತಿತ್ತು. ಸಾಲಕ್ಕೆ ಮತ್ತೊಂದು ಸಾಲವೇ ಮದ್ದು ಎಂದು ನಂಬಿಸುವ ಹೊಳಪು ಅದು. ತಾಯಿ ಚೀಟಿಯನ್ನು ಓದಲಾರಳು. ಕೇಳಿದ್ದು ಗಾಣಿಗರ ಮನೆಯ ಪ್ರಶ್ನೆಯನ್ನು.

“ಎಷ್ಟ್ ಬೀಜಕ್ಕ ಎಷ್ಟ್ ಎಣ್ಣಿ ಬರ್ತೈತಿ, ಅದನ್ನ ಮೊದಲ ಹೇಳು.”

ಈ ಪ್ರಶ್ನೆಗೆ ಉತ್ತರವಿದೆ. ಅದನ್ನು ಸಾವಧಾನವಾಗಿ ಲೆಕ್ಕ ಹಾಕಬೇಕು. ಒಂದು ಸಾವಿರ ಕಿಲೋ ದಾಳಿಂಬೆಯಲ್ಲಿ ಹೆಚ್ಚುಕಡಿಮೆ ಅರ್ಧ ಸಿಪ್ಪೆ ಮತ್ತು ಪೊರೆ, ಉಳಿದರ್ಧ ಕಾಳು. ಐನೂರು ಕಿಲೋ ಕಾಳಿನಲ್ಲಿ ನಾಲ್ಕು ಪಾಲು ರಸ, ಒಂದು ಪಾಲು ಒಳಗಿನ ಬೀಜ. ಅಂದರೆ ನೂರು ಕಿಲೋ ಹಸಿಬೀಜ. ಬಿಸಿಲಿನಲ್ಲಿ ಒಣಗಿದ ಮೇಲೆ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒಣಬೀಜದಲ್ಲಿ ಎಣ್ಣೆ ನೂರಕ್ಕೆ ೧೨ರಿಂದ ೨೦. ಪೂರ್ತಿ ತೆಗೆದರೂ ಆರೇಳು ಕಿಲೋ, ಹೆಚ್ಚೆಂದರೆ ಹತ್ತು. ಸಣ್ಣ ಯಂತ್ರದಲ್ಲಿ ಹಿಂಡಿದರೆ ಹಿಂಡಿಯಲ್ಲಿಯೇ ಒಂದಷ್ಟು ಉಳಿದುಹೋಗುತ್ತದೆ. ಭಗ್ವಾ ಮೃದುಬೀಜದ ತಳಿಯಾದ್ದರಿಂದ ಬೀಜದ ಪಾಲು ಇನ್ನೂ ಕಡಿಮೆ. ಕುಸುಬಿಯಲ್ಲಿ ನೂರಕ್ಕೆ ಸುಮಾರು ೩೦ರಷ್ಟು, ಶೇಂಗಾ ಕಾಳಿನಲ್ಲಿ ೪೫ಕ್ಕೂ ಹೆಚ್ಚು ಎಣ್ಣೆ ಕಂಡ ಮನೆತನಕ್ಕೆ ಈ ಲೆಕ್ಕ ಬಡವಾಗಿ ತೋರಿದರೆ ಆಶ್ಚರ್ಯವಿಲ್ಲ.

ಆದರೂ ಇದು ಸಾಮಾನ್ಯ ಎಣ್ಣೆಯಲ್ಲ. ಅದರ ಕೊಬ್ಬಿನಾಮ್ಲಗಳಲ್ಲಿ ಮೂರನೆಯ ಎರಡು ಪಾಲಿಗೂ ಮಿಗಿಲಾಗಿರುವುದು ಪ್ಯೂನಿಸಿಕ್ ಆಮ್ಲ. ದಾಳಿಂಬೆಯ ಸಸ್ಯನಾಮದಿಂದಲೇ ಅದಕ್ಕೆ ಆ ಹೆಸರು ಬಂದಿದೆ. ನಿತ್ಯ ಬಳಕೆಯ ಅಡುಗೆಯೆಣ್ಣೆಗಳಲ್ಲಿ ಅದು ಕಾಣಸಿಗದು. ಚರ್ಮಕ್ಕೆ ಹಚ್ಚುವ ತೈಲ, ಲೇಪಗಳನ್ನು ತಯಾರಿಸುವವರು ಅದನ್ನು ಹುಡುಕಿಕೊಂಡು ಬರುತ್ತಾರೆ. ಬೆಲೆಯೂ ಅದಕ್ಕೆ ತಕ್ಕಂತೆ. ಆದರೆ ಆ ಗುಣವೇ ಅದರ ದೋಷವೂ ಹೌದು. ಒಂದರ ಪಕ್ಕದಲ್ಲೊಂದು ಹೆಣೆದುಕೊಂಡ ಮೂರು ಜೋಡಿಬಂಧಗಳಿರುವುದರಿಂದ ಆ ಎಣ್ಣೆ ಗಾಳಿಗೂ ಬೆಳಕಿಗೂ ಬೇಗ ಸೋಲುತ್ತದೆ. ಕತ್ತಲೆಯಲ್ಲಿ, ತಂಪಿನಲ್ಲಿ, ಬಾಯಿ ಬಿಗಿದ ಬಾಟಲಿಯಲ್ಲಿ ಇಡದಿದ್ದರೆ ಮುಗ್ಗಲು ಹಿಡಿದು ಮಂದವಾಗುತ್ತದೆ. ಏಪ್ರಿಲ್ ತಿಂಗಳಿನಲ್ಲಿ ಯಲಬುರ್ಗಾದ ತಗಡಿನ ಮನೆಯೊಳಗೆ ತಂಪೆಲ್ಲಿಂದ ಬರಬೇಕು?

ಅದಕ್ಕೂ ಮೊದಲಿನ ತೊಡಕು ಬೀಜವನ್ನು ಒಣಗಿಸುವುದು. ರಸ ಹಿಂಡಿದ ಮೇಲೆ ಉಳಿಯುವ ಹಸಿಗಸಿಯಲ್ಲಿ ಸಕ್ಕರೆಯಿದೆ, ನೀರಿದೆ. ಬೆಳಗಿನಿಂದ ಸಂಜೆಯವರೆಗೆ ಮುಚ್ಚಿಟ್ಟರೆ ಅದು ಹುಳಿಯುತ್ತದೆ. ಮರುದಿನ ಬೂಷ್ಟು ಏರುತ್ತದೆ. ಬೂಷ್ಟು ಹಿಡಿದ ಬೀಜದಿಂದ ತಿನ್ನುವ ಎಣ್ಣೆ ತೆಗೆಯುವುದು ವಿಷದೊಡನೆ ಸರಸವಾಡಿದಂತೆ. ಬಿರಿದ ಹಣ್ಣಿನಲ್ಲಿ ಈ ಭಯ ಇಮ್ಮಡಿ. ಬಿರುಕಿನ ದಾರಿಯಿಂದ ಬೂಷ್ಟು ಒಳಹೊಕ್ಕು ಕಾಳನ್ನು ಕಪ್ಪಾಗಿಸಿರುತ್ತದೆ. ಆದ್ದರಿಂದ ಬಿರಿದ ದಿನವೇ ಬಿಡಿಸಿದ್ದು ಉಪಯೋಗಕ್ಕೆ ಬಂದೀತು; ವಾರ ಬಿಟ್ಟು ಹಳ್ಳದಿಂದ ಆರಿಸಿ ತಂದದ್ದು ಗೊಬ್ಬರಕ್ಕೆ ಮಾತ್ರ ಸರಿ. ತವುಡಿನ ವಿಷಯದಲ್ಲಿ ಕಾಲ ಹೇಳಿದ ಮಾತನ್ನೇ ಇಲ್ಲಿಯೂ ಹೇಳುತ್ತದೆ. ಇಷ್ಟಿದ್ದರೂ ಆ ಸೀಮೆಗೆ ಒಂದು ಸಂಪತ್ತು ಧಾರಾಳವಾಗಿದೆ. ಬೇಡವೆಂದರೂ ಬೀಳುವ ಬಿಸಿಲು. ಬೇರೆಡೆ ಕಟ್ಟಿಗೆ ಸುಟ್ಟು, ವಿದ್ಯುತ್ತು ಉರಿಸಿ ಒಣಗಿಸುವುದನ್ನು ಅಲ್ಲಿಯ ಮಾಳಿಗೆ ಬಿಟ್ಟಿಯಾಗಿ ಮಾಡಿಕೊಡುತ್ತದೆ.

ಯಂತ್ರವಿಲ್ಲದೆ ಈ ವಿದ್ಯೆಯನ್ನು ಸಾಧಿಸಿದವರು ಕರ್ನಾಟಕದಲ್ಲೇ ಇದ್ದಾರೆ. ಉತ್ತರ ಕನ್ನಡದ ಮನೆಗಳಲ್ಲಿ ಮುರುಗಲು ಹಣ್ಣಿನ ಸಿಪ್ಪೆಯನ್ನು ಸಾರಿಗೂ ಪಾನಕಕ್ಕೂ ಒಣಗಿಸಿಡುತ್ತಾರೆ. ಉಳಿದ ಬೀಜವನ್ನು ಬಿಸಾಡುವುದಿಲ್ಲ. ಒಣಗಿಸಿ, ಸಿಪ್ಪೆ ಕಳೆದು, ಕುಟ್ಟಿ, ನೀರಿನಲ್ಲಿ ಕುದಿಸುತ್ತಾರೆ; ಮೇಲೆ ತೇಲಿದ ಕೊಬ್ಬನ್ನು ತೆಗೆದು ಉಂಡೆ ಕಟ್ಟುತ್ತಾರೆ. ಮುರುಗಲು ತುಪ್ಪವೆಂದು ಅದರ ಹೆಸರು. ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೂ ತುಟಿಗೂ ಅದೇ ಮದ್ದು. ಅದರ ಬಂಧು ಉಪ್ಪಾಗೆಯ ಬೀಜದಿಂದಲೂ ಹೀಗೆಯೇ ತುಪ್ಪ ತೆಗೆಯುತ್ತಾರೆ. ಒಲೆ, ಒರಳು, ಒಂದು ಪಾತ್ರೆ ಇಷ್ಟೇ ಅವರ ಕಾರ್ಖಾನೆ. ಇದು ಸಾಧ್ಯವಾದ ಗುಟ್ಟೇನು? ಸಿಪ್ಪೆಯನ್ನು ಒಣಗಿಸುವ ಮನೆಯಲ್ಲಿಯೇ ಬೀಜವೂ ಉಳಿಯುತ್ತದೆ. ಅದನ್ನು ಕೂಡಿಹಾಕಲು ಊರೂರು ತಿರುಗಬೇಕಿಲ್ಲ.

೨೦೦೦ದ ಜೂನ್ ತಿಂಗಳಿನಲ್ಲಿ ಯುರೋಪಿನ ಒಕ್ಕೂಟವು ಚಾಕೊಲೇಟಿನ ನಿಯಮಗಳನ್ನು ಬರೆದಾಗ ಕೋಕೋ ಬೆಣ್ಣೆಯ ಜೊತೆಗೆ ನೂರಕ್ಕೆ ಐದರವರೆಗೆ ಬೆರೆಸಬಹುದಾದ ಆರು ಸಸ್ಯಕೊಬ್ಬುಗಳನ್ನು ಹೆಸರಿಸಿತು. ಇಲ್ಲಿಪೆ, ತಾಳೆ, ಸಾಲ, ಶಿಯಾಗಳ ಸಾಲಿನಲ್ಲಿ ಮುರುಗಲೂ ಮಾವಿನ ಗೊರಟೆಯೂ ಸ್ಥಾನ ಪಡೆದವು. ಮಲೆನಾಡಿನ ಅಜ್ಜಿ ಹಿಮ್ಮಡಿಗೆ ಹಚ್ಚುತ್ತಿದ್ದ ತುಪ್ಪಕ್ಕೆ ಪರದೇಶದ ಶಾಸನವು ಮಣೆ ಹಾಕಿತು! ಆದರೆ ಮಾವಿನ ಗೊರಟೆ ಕೊಪ್ಪಳದಲ್ಲಿ ಮುರುಗಲಿನಂತೆ ಒಂದೆಡೆ ಸೇರುವುದಿಲ್ಲ. ಅಲ್ಲಿಯ ಕೇಸರ್ ಹಣ್ಣು ಪೆಟ್ಟಿಗೆಯಲ್ಲಿ ಹೊರಟು, ನೂರು ಊರುಗಳ ಸಾವಿರ ಮನೆಗಳಲ್ಲಿ ತಿನ್ನಲ್ಪಟ್ಟು, ಗೊರಟೆ ಸಾವಿರ ತಿಪ್ಪೆಗಳಿಗೆ ಹಂಚಿಹೋಗುತ್ತದೆ. ಚಿತ್ತೂರು, ಕೃಷ್ಣಗಿರಿಗಳಂತೆ ಹಣ್ಣಿನ ತಿರುಳನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳ ಸಾಲಿರುವಲ್ಲಿ ಮಾತ್ರ ಗೊರಟೆಯು ಗುಡ್ಡದಂತೆ ಬೀಳುತ್ತದೆ. ಎಣ್ಣೆ ಎಲ್ಲ ಬೀಜದಲ್ಲಿಯೂ ಇರಬಹುದು. ಎಣ್ಣೆಯ ಉದ್ದಿಮೆ ಇರುವುದು ಬೀಜ ಗುಡ್ಡೆಯಾದಲ್ಲಿ ಮಾತ್ರ.

ಇನ್ನೊಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ತಪ್ಪಾದೀತು. ಬೀಜದಿಂದ ಬಂದ ಎಣ್ಣೆಯೆಲ್ಲ ಬಾಣಲೆಗೆ ಯೋಗ್ಯವಲ್ಲ. ಬಯಲುಸೀಮೆಯ ಕಲ್ಲುಗುಡ್ಡಗಳಲ್ಲಿ ಬೆಳೆಯುವ ಸೀತಾಫಲದ ಬೀಜದಲ್ಲಿ ನೂರಕ್ಕೆ ಇಪ್ಪತ್ತಕ್ಕೂ ಹೆಚ್ಚು ಎಣ್ಣೆಯಿದೆ. ಅದು ಕೀಟಗಳಿಗೆ ವಿಷ. ಮನುಷ್ಯನ ಕಣ್ಣಿಗೆ ತಾಗಿದರೆ ಉರಿಹತ್ತಿ ಕಣ್ಣಿನ ಪಾರದರ್ಶಕ ಪೊರೆಗೇ ಗಾಯವಾಗುತ್ತದೆ. ತಲೆಯ ಹೇನಿಗೆಂದು ಬೀಜವನ್ನು ಅರೆದು ಹಚ್ಚಿಕೊಂಡು ಕಣ್ಣಿನ ನೋವಿನಿಂದ ವೈದ್ಯರ ಬಳಿಗೆ ಓಡಿದವರಿದ್ದಾರೆ. ದ್ರಾಕ್ಷಿಯ ಬೀಜದ ಎಣ್ಣೆ ತಿನ್ನಲು ಯೋಗ್ಯವೇನೋ ಹೌದು. ಆದರೆ ಉತ್ತರ ಕರ್ನಾಟಕದಲ್ಲಿ ಒಣದ್ರಾಕ್ಷಿಗಾಗಿ ಬೆಳೆಯುವುದು ಬಹುಮಟ್ಟಿಗೆ ಬೀಜರಹಿತ ತಳಿ. ಇಲ್ಲದ ಬೀಜದಿಂದ ಎಣ್ಣೆ ತೆಗೆಯುವುದು ಮರಳು ಹಿಂಡಿದಂತೆಯೇ. ಇಂಥ ವಿವೇಚನೆಗೆ ದೂರ ಹೋಗಬೇಕಾದುದಿಲ್ಲ. ಮೈಸೂರಿನಲ್ಲಿ ೧೯೫೦ರಿಂದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯವಿದೆ. ನೆರೆಯ ಅನಂತಪುರದಲ್ಲಿ ತೈಲಗಳಿಗಾಗಿಯೇ ಮೀಸಲಾದ ಸಂಶೋಧನಾ ಸಂಸ್ಥೆಯಿದೆ. ದಾಳಿಂಬೆಗೆಂದೇ ಸೊಲ್ಲಾಪುರದಲ್ಲಿ ೨೦೦೫ರಲ್ಲಿ ರಾಷ್ಟ್ರೀಯ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಬಣ್ಣದ ಚೀಟಿಗೆ ಸಹಿ ಹಾಕುವ ಮೊದಲು ಇವರಲ್ಲಿ ಒಬ್ಬರಿಗೆ ಒಂದು ಕಾಗದ ಬರೆಯುವುದಕ್ಕೆ ತಗಲುವ ವೆಚ್ಚ ಬಹಳ ಕಡಿಮೆ.

ಕುಷ್ಟಗಿಯ ಆ ಮನೆಯಲ್ಲಿ ಲೆಕ್ಕ ಮುಗಿದ ಮೇಲೆ ಮಗನ ಮುಖ ಬಾಡಿತು. ಆದರೆ ಗಾಣಿಗರ ಮುದುಕಿ ಅಲ್ಲಿಗೇ ಬಿಡುವವಳಲ್ಲ. ಅವಳ ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಹರಿತವಾಗಿತ್ತು.

“ರಸ ಹಿಂಡಾವ್ರು ಹಣ್ಣು ಒಯ್ದ ಮ್ಯಾಲೆ ಬೀಜ ಯಾರ್ ಮನ್ಯಾಗ ಉಳೀತಾವ?”

“ಅವರ ಕಾರಖಾನ್ಯಾಗ ಉಳೀತಾವ ಬೇ. ನಮಗೇನ್ ತಿರುಗಿ ಕೊಡ್ತಾರ?”

“ಹಂಗಾದ್ರ ಎಣ್ಣಿನೂ ಅವರದ. ನೀ ಯಂತ್ರ ತಂದು ಏನ್ ಹಿಂಡತಿ, ನಿನ್ನ ಕೈಯನ್ನ?”

ಈ ಮಾತಿನಲ್ಲಿ ಇಡೀ ಪ್ರಶ್ನೆಯ ಗಂಟು ಇದೆ. ರೈತನು ಬಿರಿದ ಹಣ್ಣನ್ನು ಸಗಟು ಬೆಲೆಗೆ ಕೊಟ್ಟರೆ ರಸದ ಜೊತೆಗೆ ಸಿಪ್ಪೆಯೂ ಬೀಜವೂ ಕೈಬಿಡುತ್ತವೆ. ಕಸಕ್ಕೆ ಬೆಲೆ ಬಂದ ದಿನ ಆ ಬೆಲೆ ಕಸ ಬಿದ್ದ ಅಂಗಳದವನದು, ಹಣ್ಣು ಬೆಳೆದವನದಲ್ಲ. ಬೆಳೆದವನಿಗೆ ಪಾಲು ಸಿಗಬೇಕಾದರೆ ಬಿಡಿಸುವ ಕೆಲಸ ಹಳ್ಳಿಯಲ್ಲಿಯೇ ಆಗಬೇಕು. ಹತ್ತು ತೋಟದವರು ಕೂಡಿ ಒಂದು ಚಪ್ಪರ ಹಾಕಿ, ಬಿರಿದ ಹಣ್ಣನ್ನು ಅಂದಂದೇ ಬಿಡಿಸಿ, ಕಾಳನ್ನು ರಸಕ್ಕೆ ಕೊಟ್ಟು ಬೀಜವನ್ನು ಮರಳಿ ಪಡೆಯುವ ಕರಾರು ಮಾಡಿಕೊಳ್ಳಬೇಕು; ಇಲ್ಲವೇ ರಸವನ್ನೂ ತಾವೇ ತೆಗೆಯಬೇಕು. ಹಿಂಡುವ ಯಂತ್ರ ಇವೆಲ್ಲ ಆದ ಮೇಲಿನ ಮಾತು. ಒಣಬೀಜವನ್ನು ಚೀಲ ತುಂಬಿ ದೊಡ್ಡ ಎಣ್ಣೆಗಾರನಿಗೆ ಮಾರಿದರೂ ಮೊದಲ ವರ್ಷಗಳಿಗೆ ಅದು ಹೆಚ್ಚು ಕ್ಷೇಮ. ಎಣ್ಣೆ ಕೆಡುತ್ತದೆ, ಚೆನ್ನಾಗಿ ಒಣಗಿದ ಬೀಜ ಅಷ್ಟು ಬೇಗ ಕೆಡುವುದಿಲ್ಲ.

ಅಷ್ಟೇ ಅಲ್ಲ, ಎಣ್ಣೆಯ ಆಸೆಯಲ್ಲಿ ಸಿಪ್ಪೆಯನ್ನು ಮರೆಯಬಾರದು. ಹಣ್ಣಿನ ಅರ್ಧ ತೂಕ ಅದರದು. ಅದರಲ್ಲಿ ಎಣ್ಣೆಯಿಲ್ಲ, ಒಗರು ಇದೆ. ಚರ್ಮ ಹದ ಮಾಡುವವರಿಗೂ ಬಟ್ಟೆಗೆ ಬಣ್ಣ ಕಟ್ಟುವವರಿಗೂ ಆ ಒಗರು ಶತಮಾನಗಳಿಂದ ಪರಿಚಿತ. ಸ್ಫಟಿಕದ ಜೊತೆ ಹಳದಿ, ಕಬ್ಬಿಣದ ಜೊತೆ ಕಪ್ಪು ಛಾಯೆ ಅದರಿಂದ ಬರುತ್ತದೆ. ಒಣಸಿಪ್ಪೆಗೆ ಕತ್ತಲೆ ಬೇಡ, ಬಾಟಲಿ ಬೇಡ, ಗೋಣಿಚೀಲ ಸಾಕು. ಮೊದಲು ರಸ, ಬಳಿಕ ಸಿಪ್ಪೆ, ಕೊನೆಗೆ ಬೀಜ. ಈ ಅನುಕ್ರಮವನ್ನು ತಲೆಕೆಳಗು ಮಾಡಿ ಎಣ್ಣೆಯಿಂದ ಆರಂಭಿಸುವವನು ಗೋಪುರದಿಂದ ದೇವಸ್ಥಾನ ಕಟ್ಟಲು ಹೊರಟವನಂತೆ.

ಬಿಸುಟದ್ದನ್ನು ಎತ್ತಿಕೊಳ್ಳುವ ವಿದ್ಯೆ ಕೊಪ್ಪಳಕ್ಕೆ ಹೊಸದೇನೂ ಅಲ್ಲ. ಕಿನ್ನಾಳದ ಚಿತ್ರಗಾರರು ಹಣ್ಣಿನಿಂದ ಬೇರ್ಪಟ್ಟ ಹುಣಿಸೆಬೀಜವನ್ನು ಅರೆದು ಅಂಟು ಮಾಡಿ, ಹರಕು ಗೋಣಿಯ ಪುಡಿಯನ್ನೂ ಮರದ ಹೊಟ್ಟನ್ನೂ ಅದರಲ್ಲಿ ಕಲಸಿ ‘ಕಿಟ್ಟ’ ತಯಾರಿಸುತ್ತಾರೆ. ದೇವರ ಮೂರ್ತಿಗೂ ಮಕ್ಕಳ ಗೊಂಬೆಗೂ ಮೈ ಕೂಡಿಸುವುದು ಆ ಕಿಟ್ಟವೇ. ಆನೆಗೊಂದಿಯಲ್ಲಿ ಗೊನೆ ಕಡಿದ ಮೇಲೆ ಕೊಳೆಯಲು ಬಿಟ್ಟ ಬಾಳೆಯ ದಿಂಡಿನಿಂದ ಹೆಂಗಸರು ನಾರು ತೆಗೆದು ಚೀಲ, ಬುಟ್ಟಿಗಳನ್ನು ಹೆಣೆಯುತ್ತಾರೆ. ಈ ಎರಡೂ ಕಸುಬುಗಳಲ್ಲಿ ಕಸವೂ ಕೈಯೂ ಒಂದೇ ಊರಿನವು ಎಂಬುದನ್ನು ಗಮನಿಸಬೇಕು. ಅಲ್ಲಿ ಕಸವನ್ನು ಹೊತ್ತ ಕೈಗೇ ಕೂಲಿ ಸಿಕ್ಕಿತು. ಹನ್ನೆರಡನೆಯ ಶತಮಾನದ ಶರಣರ ಕೂಟದಲ್ಲಿ ಗಾಣದ ಕಣ್ಣಪ್ಪನೆಂಬ ಹೆಸರೂ ಒಂದಿದೆ. ಎಣ್ಣೆ ತೆಗೆಯುವುದನ್ನು ಕಾಯಕವೆಂದು ಕರೆದ ನಾಡಿನಲ್ಲಿ ಎಣ್ಣೆಯ ಪಾಲು ಯಾರದೆಂದು ಕೇಳುವುದು ದುರಾಸೆಯಲ್ಲ.

ಗಂಗಾವತಿಯ ಗಿರಣಿಯಿಂದ ಹೊರಟ ತವುಡಿನ ಲಾರಿಗೆ ದಾರಿಯಲ್ಲಿ ನಿಲ್ಲುವ ಪುರುಸೊತ್ತಿಲ್ಲ. ಹಿಂದೆ ತುಂಬಿರುವ ಕಂದು ಪುಡಿ ಗಂಟೆಗಂಟೆಗೂ ಬೆಲೆ ಕಳೆದುಕೊಳ್ಳುತ್ತಿದೆಯೆಂದು ಅದರ ಚಾಲಕನಿಗೂ ಗೊತ್ತು. ಒಂದು ತಲೆಮಾರಿನ ಹಿಂದೆ ಅದೇ ಪುಡಿಯನ್ನು ಯಾರೂ ಅವಸರಪಟ್ಟು ಒಯ್ಯುತ್ತಿರಲಿಲ್ಲ. ಕುಷ್ಟಗಿಯ ಮಾಳಿಗೆಯ ಮೇಲೆ ಈ ವರ್ಷ ನಾಲ್ಕು ಮೊರ ದಾಳಿಂಬೆ ಬೀಜ ಒಣಗುತ್ತಿದೆ. ಅದಕ್ಕಾಗಿ ಲಾರಿ ಬರುವ ದಿನ ಇನ್ನೂ ದೂರವಿದೆ. ಮುದುಕಿ ದಿನಕ್ಕೆರಡು ಬಾರಿ ಅದನ್ನು ಕೈಯಾಡಿಸಿ ತಿರುವುತ್ತಾಳೆ. ಒಂದು ಬೀಜವನ್ನು ಹಲ್ಲಿಲ್ಲದ ದವಡೆಯಲ್ಲಿ ಒತ್ತಿ ನೋಡಿ, ಇನ್ನೂ ಎರಡು ಬಿಸಿಲು ಬೇಕೆಂದು ಮಗನಿಗೆ ಹೇಳುತ್ತಾಳೆ.